ಇಕ್ಕೇರಿಯ ಪೀಠ

ಸಾಗರದ ಪೇಟೆಯಿಂದ ದಕ್ಷಿಣಕ್ಕೆ ಸುಮಾರು 6 ಕಿಲೋಮೀಟರು ಹೋದರೆ ಇಕ್ಕೇರಿಯು ದೊರೆಯುವುದು. ಒಂದು ಕಾಲದಲ್ಲಿ ಕೆಳದಿಯ ಅರಸರಿಗೆ ರಾಜಧಾನಿಯಾಗಿದ್ದ ಊರಿದು. ರಾಜಧಾನಿಯು ಬಿದನೂರಿಗೆ ಹೋದಮೇಲೆಯೂ ಅವರ ಚಿನ್ನದ ನಾಣ್ಯಕ್ಕೆ ಇಕ್ಕೇರಿಯ ವರಹವೆಂಬ ಹೆಸರೇ ಉಳಿಯಿತು. ಅರಮನೆಯಿಲ್ಲ, ಟಂಕಶಾಲೆಯಿಲ್ಲ, ಅಘೋರೇಶ್ವರನ ದೇವಾಲಯವೊಂದು ತನ್ನ ಗಾಂಭೀರ್ಯದಿಂದ ನಿಂತಿರುವುದು.

ನಾವು ಈ ಸೀಮೆಯಲ್ಲಿಯೇ ಉಪಾಧ್ಯಾಯರಾಗಿದ್ದವರು. ಈ ದೇವಾಲಯಕ್ಕೆ ಎಷ್ಟು ಸಲ ಹೋಗಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ನೆಂಟರು ಬಂದಾಗ ಹೋದೆವು, ಶಿವರಾತ್ರಿಗೆ ಹೋದೆವು, ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದೆವು. ನಂದಿಯ ಕೊರಳ ಗಂಟೆಸರವನ್ನು ಮುಟ್ಟಿ, ಗರ್ಭಗುಡಿಯ ಮುಂದೆ ಕೈಮುಗಿದು, ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಹಿಂದಿರುಗುವುದು ವಾಡಿಕೆ. ಕಣ್ಣಿಗೆ ಅತಿ ಸಮೀಪದಲ್ಲಿರುವ ರೆಪ್ಪೆಯು ಕಣ್ಣಿಗೆ ಕಾಣದಷ್ಟೆ.

ಹಾಗೆ ಮಕ್ಕಳೊಡನೆ ಹೋದ ಒಂದು ದಿನ, ಹತ್ತು ಹನ್ನೊಂದು ವಯಸ್ಸಿನ ಹುಡುಗನೊಬ್ಬನು ಗರ್ಭಗುಡಿಯೊಳಗೆ ದಿಟ್ಟಿಸಿ ನೋಡಿ, "ಸಾರ್, ಲಿಂಗ ಇಷ್ಟು ಚಿಕ್ಕದು, ಪೀಠ ಯಾಕೆ ಅಷ್ಟು ದೊಡ್ಡದು?" ಎಂದು ಕೇಳಿದನು. ನಮಗೆ ಉತ್ತರವು ತಿಳಿಯದು. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ದೇವರ ಮುಂದೆ ಹರಟೆ ಸಲ್ಲದು" ಎಂದು ಗದರಿಸಿದೆವು. ಹುಡುಗನು ತಲೆತಗ್ಗಿಸಿದನು; ಆ ವರ್ಷವೆಲ್ಲ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ವೃತ್ತಿಯಲ್ಲಿ ನಾವು ಮಾಡಿದ ತಪ್ಪುಗಳು ಹಲವಿದ್ದರೂ ಇದೊಂದು ಮುಳ್ಳಿನಂತೆ ಉಳಿದಿತ್ತು.

ಉತ್ತರವನ್ನು ಕೊಟ್ಟವನು ನಮ್ಮವನಲ್ಲ. ರೋಮಾಪುರಿಯ ಒಬ್ಬ ಕುಲೀನನು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬುದು ಅವನ ಹೆಸರು. 1586ರಲ್ಲಿ ಹುಟ್ಟಿ, 1614ರಲ್ಲಿ ದೇಶಾಟನೆಗೆ ಹೊರಟು, ತುರುಕರ ನಾಡು, ಬಾಗ್ದಾದು, ಪಾರಸಿಕಗಳನ್ನು ಸುತ್ತಿ 1623ರಲ್ಲಿ ಸೂರತ್ತಿಗೆ ಬಂದಿಳಿದವನು. ಅದೇ ವರ್ಷದ ಕೊನೆಯಲ್ಲಿ ಗೋವೆಯ ಪೋರ್ಚುಗೀಸರು ವೆಂಕಟಪ್ಪನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದಾಗ, ಇವನೂ ಜೊತೆಗೂಡಿ ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಯನ್ನು ಸೇರಿದನು. ಕಂಡುದನ್ನೆಲ್ಲ ಸ್ವದೇಶದ ಮಿತ್ರನಿಗೆ ಪತ್ರಗಳಲ್ಲಿ ಬರೆದನು. ನಿವೃತ್ತಿಯಾದಮೇಲೆ ಆ ಪತ್ರಗಳ ಇಂಗ್ಲಿಷ್ ಅನುವಾದವು ನಮ್ಮ ಕೈಗೆ ಸಿಕ್ಕಿತು.

ಇವನು ತನ್ನ ಮತದಲ್ಲಿ ದೃಢನಾದವನು. ನಮ್ಮ ದೇವತೆಗಳನ್ನು ಕುರಿತು ಅವನಾಡಿದ ಕೆಲವು ಮಾತುಗಳು ನಮಗೆ ರುಚಿಸವು. ಆದರೆ ಅವನು ನೋಡುವ ಬಗೆಯೇ ಬೇರೆ. ದೇವಾಲಯವನ್ನು ಕಂಡರೆ ಅದರ ನಕ್ಷೆಯನ್ನು ಬರೆಯುವನು. ಉತ್ಸವವನ್ನು ಕಂಡರೆ ಬಣ್ಣದ ಕೋಲುಗಳನ್ನು ಹಿಡಿದು ಕುಣಿಯುವ ಹೆಣ್ಣುಮಕ್ಕಳ ಹೆಜ್ಜೆಯನ್ನೂ ಬಿಡನು. ದಾರಿಯ ಒಂದು ಗ್ರಾಮದಲ್ಲಿ, ಗುಡಿಯ ಮೊಗಸಾಲೆಯಲ್ಲಿ, ಹುಡುಗರು ನೆಲಕ್ಕೆ ನಯವಾದ ಮರಳನ್ನು ಹರಡಿ, ರಾಗವಾಗಿ ಮಗ್ಗಿಯನ್ನು ಹೇಳುತ್ತ ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರಂತೆ. ಒಬ್ಬನು ಹೇಳಿ ಬರೆದರೆ ಉಳಿದವರು ಅದನ್ನೇ ಹಾಡಿ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು. ಅಲ್ಲಿ ಗುರುವಿರಲಿಲ್ಲ, ತಮಗೆ ತಾವೇ ಗುರುಗಳು. ಪರದೇಶಿಯು ನಿಂತು, ಕುತೂಹಲದಿಂದ ವಿಚಾರಿಸಿ, ಈ ಕ್ರಮವನ್ನು ಮೆಚ್ಚಿದನು. ಮರಳಿನ ಮೇಲೆ ತಿದ್ದಿಯೇ ವಿದ್ಯೆ ಕಲಿತವರ ಸಂತತಿ ನಾವು. ಆ ಪುಟವನ್ನು ಓದುವಾಗ ಕಣ್ಣು ಮಂಜಾಯಿತು.

ಮುಂದೆ ಇಕ್ಕೇರಿಯ ವರ್ಣನೆಯಲ್ಲಿ ಆ ಹುಡುಗನ ಪ್ರಶ್ನೆಗೆ ಉತ್ತರವಿದ್ದಿತು. ಅವನು ಕಂಡ ಅಘೋರೇಶ್ವರನು ಲಿಂಗರೂಪಿಯಲ್ಲ, ಪುರುಷಾಕೃತಿ. ತಲೆಯೊಂದೇ; ತೋಳುಗಳೋ ಒಂದೊಂದು ಪಕ್ಕಕ್ಕೆ ಹದಿನಾರರಂತೆ ಒಟ್ಟು 32. ಪೀಠವು ಆ ಮೂರ್ತಿಗೆ ತಕ್ಕುದಾಗಿತ್ತು. ಮೂರ್ತಿ ಹೋಯಿತು, ಪೀಠ ಉಳಿಯಿತು.

ಅವನ ಕಥೆಯಲ್ಲಿ ಇನ್ನೊಂದು ಸಂಗತಿಯುಂಟು. ಬಾಗ್ದಾದಿನಲ್ಲಿ ವರಿಸಿದ ಅವನ ಪತ್ನಿ ಮಾನಿ ಎಂಬಾಕೆ 1621ರಲ್ಲಿ ಪಾರಸಿಕದಲ್ಲಿ ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನಿಂದ ಹಡಗಿಗೆ ಸಾಗಿಸಿ, ಕಡೆಗೆ 1627ರಲ್ಲಿ ರೋಮಿನಲ್ಲಿ ಸಮಾಧಿ ಮಾಡಿದನು. ಇಕ್ಕೇರಿಯ ಬೀದಿಯಲ್ಲಿ ಅವನು ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆಯನ್ನು ಕಂಡನು. ಅವನು ಬರೆದ ಹೆಸರು ನಮ್ಮ ಜಕ್ಕಮ್ಮನಂತೆಯೇ ಕೇಳಿಸುತ್ತದೆ. ಅವಳ ಮನೆಗೆ ಹೋಗಿ, ಬೇಡವೆಂದು ಬಗೆಬಗೆಯಾಗಿ ಹೇಳಿದನು. ಅವಳು ಕೇಳಲಿಲ್ಲ. ಸತ್ತವಳನ್ನು ಬಿಡಲಾರದ ಗಂಡನು, ಸತ್ತವನನ್ನು ಬಿಡಲಾರದ ಹೆಂಡತಿಗೆ ಹೇಳಿದ ಬುದ್ಧಿಯದು. ಸಹಗಮನದ ಕ್ರೌರ್ಯವನ್ನು ನಾವು ಯಾವ ಶಾಸ್ತ್ರದ ಹೆಸರಿನಲ್ಲಿಯೂ ಸಮರ್ಥಿಸಲಾರೆವು. ಆದರೂ ಆ ಇಬ್ಬರ ಸಂಭಾಷಣೆಯನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುವುದು.

ಇಷ್ಟನ್ನು ಓದಿದಮೇಲೆ ಕಳೆದ ಮಾರ್ಗಶಿರದಲ್ಲಿ ಮೊಮ್ಮಗಳನ್ನು ಕರೆದುಕೊಂಡು, ಪರದೇಶಿಯಂತೆ ನೋಡಬೇಕೆಂಬ ಸಂಕಲ್ಪದಿಂದ ಇಕ್ಕೇರಿಗೆ ಹೊರಟೆವು. ಪಂಚಮುಖನಾದ ಶಿವನಲ್ಲಿ ಅಘೋರವು ದಕ್ಷಿಣದ ಮುಖವೆಂದು ಆಗಮಗಳು ಹೇಳುವುವು, ದೇವಾಲಯವಾದರೋ ಉತ್ತರಾಭಿಮುಖ. ಇಷ್ಟು ವರ್ಷ ಇದನ್ನೂ ಗಮನಿಸಿರಲಿಲ್ಲ. ಒಳಗೆ ನಡುಗಂಬಗಳ ನಡುವಣ ಅಂತರವನ್ನು ಹಿಂದೆ ತೋಟದ ಭೂಮಿಗೆ ಮಾನವಾಗಿ ಹಿಡಿದಿದ್ದರು. ಅದು 18 ಅಡಿ 6 ಅಂಗುಲ. ದಾಯವೆಂದು ಅದರ ಹೆಸರು. ದೇವರ ಮನೆಯ ಅಳತೆಯಿಂದ ಅಡಕೆಯ ತೋಟವನ್ನು ಅಳೆದ ಈ ನಾಡಿನ ರೈತರನ್ನು ನೆನೆದು ಸಂತೋಷವಾಯಿತು. ನೆಲದ ಮೇಲೆ ಸಾಷ್ಟಾಂಗವೆರಗಿದ ಮೂವರು ನಾಯಕರ ರೂಪಗಳುಂಟು. ಅವರಲ್ಲಿ ಹುಚ್ಚ ಸೋಮಣ್ಣನಾಯಕನ ಕೈಕಾಲುಗಳಿಗೆ ಸಂಕೋಲೆ. ಅರಸನಾದವನು ಬೇಡಿ ತೊಟ್ಟು, ಬಂದವರ ಕಾಲ ಬಳಿ ದೇವರಿಗೆ ಅಡ್ಡಬಿದ್ದಿರುವನು. ಮೊಮ್ಮಗಳು ಅವನನ್ನು ತುಳಿಯದಂತೆ ಬಳಸಿ ನಡೆದಳು.

ಅರ್ಚಕರು ನಮ್ಮ ಕೋರಿಕೆಯಂತೆ ಆರತಿಯ ದೀಪವನ್ನು ತಗ್ಗಿಸಿ ಹಿಡಿದರು. ಗರ್ಭಗುಡಿಯ ಮುಕ್ಕಾಲು ಪಾಲನ್ನು ಆಕ್ರಮಿಸಿದ ಮಹಾಪೀಠ. ಅದರ ಸುತ್ತ ಕುಳಿತಿರುವ ಸ್ತ್ರೀಮೂರ್ತಿಗಳು. ಅವರೂ 32 ಮಂದಿ. ದೀಪವು ಸರಿದಂತೆ ಒಬ್ಬೊಬ್ಬಳ ಮುಖವು ಕತ್ತಲೆಯಿಂದ ಹೊರಬಂದು ಮತ್ತೆ ಕತ್ತಲೆಗೆ ಸೇರಿತು. ತಮ್ಮ ಒಡೆಯನು ಮೇಲಿನಿಂದ ಹೋದನೆಂಬ ಸುದ್ದಿ ಇನ್ನೂ ತಲುಪದವರಂತೆ ಕುಳಿತಿದ್ದಾರೆ. ಕೆಳಗೆ ಪರಿವಾರ, ಮೇಲೆ ಸಣ್ಣ ಲಿಂಗ, ಅದರ ಮೇಲೆ ಬರಿಯ ಕತ್ತಲೆ. ಆ ಕತ್ತಲೆಯಲ್ಲಿ ಎಲ್ಲಿಯವರೆಗೆ ಆ ತೋಳುಗಳು ಚಾಚಿದ್ದುವೋ ಎಂದು ಕಣ್ಣೆತ್ತಿ ನೋಡಿದೆವು. ಸಾವಿರ ಸಲ ಹೇಳಿದ ರುದ್ರವು ಆಗ ಬಾಯಿಗೆ ಬರಲಿಲ್ಲ. ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. "ತಾತ, ಅಳ್ತಾ ಇದೀಯಾ?" ಎಂದಳು. ದೀಪದ ಹೊಗೆಯೆಂದೆವು.

ಅಲ್ಲಿಂದ ಹೊಸನಗರದ ದಾರಿಯಾಗಿ ಹುಂಚಕ್ಕೆ ಹೋದೆವು. ಸಾಂತರರ ಈ ಹೊಂಬುಜದಲ್ಲಿ ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯಿದೆ. ಪದ್ಮಾವತೀದೇವಿಯ ಸನ್ನಿಧಿಯಲ್ಲಿ ಜನಸಂದಣಿಯಿದೆ. ಬಸದಿಯೊಳಗಿನ ಶಾಂತಿಯನ್ನು ಕುರಿತು ಬೇರೆಯೇ ಬರೆಯಬೇಕು. ನಮ್ಮ ಮನಸ್ಸು ಇನ್ನೂ ಇಕ್ಕೇರಿಯಲ್ಲಿತ್ತು.

ತೀರ್ಥಹಳ್ಳಿಯನ್ನು ಮುಟ್ಟುವಾಗ ಇಳಿಹೊತ್ತು. ತುಂಗೆಯಲ್ಲಿ ಕೈಕಾಲು ತೊಳೆದು, ರಾಮೇಶ್ವರನ ದರ್ಶನ ಮಾಡಿ, ಮರಳಿನ ಮೇಲೆ ಕುಳಿತೆವು. ಮೊಮ್ಮಗಳು, "ಮೂವತ್ತೆರಡು ಕೈ ಇದ್ದರೆ ಹೇಗೆ ಕಾಣುತ್ತೆ?" ಎಂದು ಕೇಳಿದಳು. ಈ ಸಲ ಗದರಿಸಲಿಲ್ಲ. ಹಸಿಮರಳನ್ನು ಅಂಗೈಯಿಂದ ಸಮಮಾಡಿ, ತಲೆಯೊಂದನ್ನು ಬರೆದು, ಎರಡು ಪಕ್ಕಕ್ಕೂ ಬೆರಳಿನಿಂದ ಗೀಟುಗಳನ್ನು ಎಳೆದೆವು. ಅವಳು ಗಟ್ಟಿಯಾಗಿ ಎಣಿಸಿ, ಎಡಗಡೆ ಹದಿನೈದೇ ಇವೆಯೆಂದಳು. ಇನ್ನೊಂದನ್ನು ಎಳೆದೆವು.