ಹಳೆ ಕತ್ತಿಯ ಕಾಲ

ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಲ್ಲಿ ಕೋವಿಯ ವಯಸ್ಸು ಕೇಳಿದರೆ ಲೈಸನ್ಸ್ ಪುಸ್ತಕ ತೆಗೆದು ತೋರಿಸುತ್ತಾರೆ. ಬೆಳೆ ರಕ್ಷಣೆಗೆಂದು ಅಜ್ಜನ ಹೆಸರಿಗೆ ಆದದ್ದು, ಅಪ್ಪನ ಹೆಸರಿಗೆ ಬದಲಾದದ್ದು, ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬಂದದ್ದು, ಎಲ್ಲದಕ್ಕೂ ಕಾಗದ ಉಂಟು. ಅದೇ ಕೋವಿಯ ಜೊತೆ ಕಾಡಿಗೆ ಹೋದ ಕತ್ತಿಗೆ ಒಂದು ಚೀಟಿಯೂ ಇಲ್ಲ. ಅದರ ಕಾಲವನ್ನು ಅದರ ಮೈಯಿಂದಲೇ ಓದಬೇಕು.

ಪುತ್ತೂರಿನ ಗುಜರಿ ಅಂಗಡಿಯೊಂದರಲ್ಲಿ, ಮುರಿದ ಪಂಪ್‌ಸೆಟ್ಟಿನ ಅಡಿಯಿಂದ ನನಗೆ ಅಂಥದ್ದೊಂದು ಸಿಕ್ಕಿತು. ಗೇಣಿಗೆ ತುಸು ಕಡಿಮೆ ಅಲಗು, ಮರದ ಹಿಡಿ, ಹಿಡಿಯ ತುದಿಗೆ ಹಿತ್ತಾಳೆಯ ಟೊಪ್ಪಿ. “ಬೇಟೆ ಕತ್ತಿ ಅಣ್ಣ, ಕಲ್ಯಾಣಪ್ಪನ ಕಾಟಕಾಯಿ ಕಾಲದ್ದು” ಎಂದರು ಅಂಗಡಿಯವರು.

ಆ ಮಾತು ಸುಮ್ಮನೆ ಬಂದದ್ದಲ್ಲ. ಅಮರಸುಳ್ಯ 1834ರವರೆಗೆ ಕೊಡಗಿನ ಅರಸರ ಕೈಯಲ್ಲಿತ್ತು. 1837ರಲ್ಲಿ ಈ ಸೀಮೆಯ ರೈತರು ಬ್ರಿಟಿಷರ ವಿರುದ್ಧ ಎದ್ದು, ಬೆಳ್ಳಾರೆಯ ಖಜಾನೆ ವಶಮಾಡಿಕೊಂಡು, ಪುತ್ತೂರಿನ ಮೇಲೆ ಹಾದು ಮಂಗಳೂರು ಸೇರಿದರು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ 13 ದಿನ ಊರನ್ನು ಹಿಡಿದುಕೊಂಡಿದ್ದರು. ಜನ ಕಲ್ಯಾಣಪ್ಪನ ಕಾಟಕಾಯಿ ಎನ್ನುವುದು ಈ ದಂಗೆಯನ್ನೇ. ಆ ನೆನಪು ಇಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ಅದಕ್ಕೇ ಅಟ್ಟದಿಂದ ಇಳಿದ ಪ್ರತಿ ಹಳೆ ಕತ್ತಿಯೂ ಒಂದೋ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ದಂಡಿನದ್ದು, ಇಲ್ಲವೇ ಇನ್ನೂ ಹಿಂದಕ್ಕೆ ಹೋಗಿ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಾಲದ್ದು. ನನಗೆ ಆ ಇತಿಹಾಸದ ಮೇಲೆ ಗೌರವ ಇರುವುದರಿಂದಲೇ, ಸಿಕ್ಕಿದ ಕಬ್ಬಿಣಕ್ಕೆಲ್ಲ ಅದರ ಹೆಸರು ಹಚ್ಚಲು ಮನಸ್ಸಾಗುವುದಿಲ್ಲ.

ತೆಂಗಿನೆಣ್ಣೆ ಹಚ್ಚಿಟ್ಟು, ತುಕ್ಕು ಮೆತ್ತಗಾದ ಮೇಲೆ ಹಳೆ ಪಂಚೆಯ ತುಂಡಿನಿಂದ ಒರೆಸಿದೆ. ಹಿಡಿಯ ಹತ್ತಿರ, ಬೆನ್ನಿನ ಬದಿಗೆ, ಓರೆಯಾಗಿ ಸಾಲುಗಟ್ಟಿದ ಸಣ್ಣ ಗೀರುಗಳು ಕಂಡವು. ಅರದ ಹಲ್ಲುಗಳು! ಸವೆದ ಅರವನ್ನು ಕುಲುಮೆಗೆ ಹಾಕಿ ಬಡಿದು ಮಾಡಿದ ಕತ್ತಿ ಅದು. ಸುತ್ತಿಗೆ ಸರಿಯಾಗಿ ತಲುಪದ ಆ ಮೂಲೆಯಲ್ಲಿ ಮಾತ್ರ ಅರದ ಗುರುತು ಉಳಿದಿದೆ.

ಉಕ್ಕು ದುಬಾರಿಯಾಗಿದ್ದಾಗ ಆಚಾರಿಗಳು ಮೆದು ಕಬ್ಬಿಣದ ಮೈಗೆ ಉಕ್ಕಿನ ತೆಳು ಪಟ್ಟಿ ಬೆಸೆದು ಬಾಯಿ ಮಾಡುತ್ತಿದ್ದರು. ಅಂಥ ಅಲಗನ್ನು ಬೆಳಕಿಗೆ ಓರೆ ಹಿಡಿದರೆ ಬೆಸುಗೆಯ ಗೆರೆ ಕಾಣುತ್ತದೆ, ಬಾಯಿ ಒಂದು ಬಣ್ಣ, ಬೆನ್ನು ಇನ್ನೊಂದು. ಲಾರಿಗಳು ಬಂದ ಮೇಲೆ ಸ್ಪ್ರಿಂಗ್ ಪ್ಲೇಟು ಗುಜರಿಗೆ ಬಂತು. ಆಮೇಲಿನ ಕತ್ತಿಗಳ ಮೈಯೆಲ್ಲ ಒಂದೇ ಉಕ್ಕು. ಸ್ಪ್ರಿಂಗ್ ಪ್ಲೇಟಿನ ಕತ್ತಿಯನ್ನು ರಾಜರ ಕಾಲದ್ದೆಂದು ಯಾರು ಹೇಳಿದರೂ ಒಪ್ಪಬೇಡಿ. ಕಾಫಿ ಎಸ್ಟೇಟಿನ ದೊರೆಗಳಿಂದ ಕೈ ದಾಟಿ ಬಂದ ಶೆಫೀಲ್ಡ್ ಚಾಕುಗಳಾದರೆ ಕೆಲಸ ಹಗುರ. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದಿದ್ದರೆ ಅದು 1913ಕ್ಕಿಂತ ಹಿಂದಿನದಲ್ಲ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಆ ಬಗೆಯ ಉಕ್ಕು ತಯಾರಿಸಿದ್ದು ಆ ವರ್ಷ.

ನನ್ನ ಕತ್ತಿಯಲ್ಲೂ ಅಕ್ಷರ ಇತ್ತು, ಅಲಗಿನಲ್ಲಲ್ಲ, ಟೊಪ್ಪಿಯಲ್ಲಿ. ಆ ಟೊಪ್ಪಿ 12 ಬೋರಿನ ತೋಟೆಯ ಬುಡ. ನಡುವೆ ಕೇಪಿಗೆ ಪೆಟ್ಟು ಬಿದ್ದ ಕುಳಿ, ಸುತ್ತಲೂ ಎಲಿ-ಕೈನಾಕ್ ಎಂಬ ಹೆಸರು, ಐಸಿಐ ಎಂಬ ಅಕ್ಷರಗಳು. ಐಸಿಐ ಕಂಪೆನಿ ಹುಟ್ಟಿದ್ದು 1926ರಲ್ಲಿ. ಟೊಪ್ಪಿ ಅದಕ್ಕಿಂತ ಹಳತಾಗಲು ದಾರಿಯಿಲ್ಲ. ಅಲಗು ಬೇರೆ ಕಾಲದ್ದಿರಬಹುದಲ್ಲ ಎನ್ನಬಹುದು. ಹಿಡಿ ಹೋದರೆ ಹೊಸ ಹಿಡಿ ಹಾಕಿಸುವುದು ಇಲ್ಲಿನ ರೂಢಿ. ಆದ್ದರಿಂದ ಅಲಗು, ಹಿಡಿ, ಒರೆ ಮೂರರ ಕಾಲವನ್ನೂ ಬೇರೆ ಬೇರೆ ನೋಡಬೇಕು. ಇದರಲ್ಲಿ ಟೊಪ್ಪಿಯ ಅಂಚಿನಿಂದಲೂ ಅಲಗಿನ ಬುಡದಿಂದಲೂ ಇಣುಕುವ ಕಪ್ಪು ಅರಗು ಒಂದೇ ಬಗೆಯದು, ಹಿಡಿಯ ಮರದಲ್ಲಿ ಎರಡನೇ ಸಲ ಕೊರೆದ ಗುರುತಿಲ್ಲ. ಎರಡೂ ಒಟ್ಟಿಗೇ ಕೂತವು ಎಂಬುದು ನನ್ನ ತೀರ್ಮಾನ. ಕಾಟಕಾಯಿ ಮುಗಿದು ಸುಮಾರು ತೊಂಬತ್ತು ವರ್ಷವಾದರೂ ಆದ ಮೇಲೆ ಹುಟ್ಟಿದ ಕತ್ತಿ.

ಬೇಟೆಯ ಕತ್ತಿ ಎಂಬುದು ಮಾತ್ರ ನಿಜ. ತೋಟದ ಕತ್ತಿಗೆ ತುದಿ ಬಾಗಿರುತ್ತದೆ, ಸೊಪ್ಪು ಕಟ್ಟಿಗೆ ಕಡಿಯಲು ಬೇಕಾದ ತೂಕವೂ ಇರುತ್ತದೆ. ಇದರ ಮೊನೆ ನೇರ, ಬಾಯಿ ತೆಳು. ಚರ್ಮ ಬಿಡಿಸಿ ಮಾಂಸವನ್ನು ಪಾಲು ಮಾಡಲು ಹೇಳಿ ಮಾಡಿಸಿದ ರೂಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕೆಲಸ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಕಡವೆಯ ಕೊಂಬಿನ ಹಿಡಿ ಇರುವ ಕತ್ತಿ ಎಷ್ಟೇ ಚಂದ ಕಂಡರೂ ಕೊಳ್ಳಲು ಹೋಗಬೇಡಿ, ಕಾಡುಪ್ರಾಣಿಯ ಅಂಗದಿಂದಾದ ವಸ್ತುವಿನ ವ್ಯಾಪಾರ ಕಾನೂನಿಗೆ ವಿರುದ್ಧ.

ನಿಮ್ಮ ಅಟ್ಟದಲ್ಲೂ ಇಂಥ ಕತ್ತಿ ಇದ್ದರೆ ಹೊಳಪು ಬರಲೆಂದು ಸಾಣೆಗೆ ಕೊಡಬೇಡಿ, ಬೆಸುಗೆಯ ಗೆರೆ, ಅರದ ಹಲ್ಲು ಎಲ್ಲ ಮೊದಲು ಹೋಗುವುದು ಅಲ್ಲೇ. ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವುದೇ ಆದರೂ, ಯಾವ ಮನೆಯದ್ದು, ಯಾರ ಕೈಯಲ್ಲಿತ್ತು, ಯಾವ ಆಚಾರಿ ಮಾಡಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿ ಬರೆದು ಹಿಡಿಗೆ ಕಟ್ಟಿ.