ಹತ್ತನೆಯ ತರಗತಿಯ ಮುಂದೆ ಕಾಯಕದ ದಾರಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನದಿಂದ ನಮ್ಮ ಮನೆಯ ಪಡಸಾಲೆಗೆ ಬಂದು ಹೋಗುವವರ ಸಂಖ್ಯೆ ಹೆಚ್ಚುತ್ತದೆ. ಹಣೆಗೆ ವಿಭೂತಿ ಧರಿಸಿದ ತಂದೆ, ಕೈಯಲ್ಲಿ ಅಂಕಪಟ್ಟಿ ಹಿಡಿದ ತಾಯಿ, ಇಬ್ಬರ ಹಿಂದೆ ತಲೆ ತಗ್ಗಿಸಿ ನಿಂತ ಮಗ ಅಥವಾ ಮಗಳು. ಅವರು ಕೇಳುವ ಪ್ರಶ್ನೆ ಮಾತ್ರ ವರ್ಷ ವರ್ಷವೂ ಒಂದೇ: ವಿಜ್ಞಾನಕ್ಕೆ ಸೇರಿಸಬೇಕೆ, ವಾಣಿಜ್ಯಕ್ಕೆ ಸೇರಿಸಬೇಕೆ? ಮೂರನೆಯ ದಾರಿಯೊಂದು ಇದೆಯೆಂಬುದನ್ನು ತಾವಾಗಿ ಕೇಳಿದವರು ವಿರಳ. ಆ ದಾರಿಯನ್ನು ಕುರಿತು ನಮ್ಮ ಪತ್ರಿಕೆಯ ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬ ಹಂಬಲದಿಂದ ಈ ಬರಹಕ್ಕೆ ತೊಡಗಿದ್ದೇನೆ.

ನಾನು ಶಿಕ್ಷಣ ಇಲಾಖೆಯವನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನ ಶಾಸ್ತ್ರವನ್ನೂ ಓದಿ ಬೆಳೆದವನು. ಆದರೆ ಆ ಪಾಠಶಾಲೆ ನಮಗೆ ಕಲಿಸಿದ್ದು ಶಬ್ದರೂಪಗಳನ್ನು ಮಾತ್ರವಲ್ಲ. ಒಬ್ಬನ ಪಾಲಿಗೆ ದಾಸೋಹದ ಒಲೆಗೆ ಕಟ್ಟಿಗೆ ಸೀಳುವ ಕೆಲಸ, ಇನ್ನೊಬ್ಬನ ಪಾಲಿಗೆ ಗೋಶಾಲೆ, ಮತ್ತೊಬ್ಬನ ಪಾಲಿಗೆ ಬಾವಿಯ ನೀರು. ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸಿದವನನ್ನು ಮೆಚ್ಚಿದಂತೆಯೇ ಕಟ್ಟಿಗೆಯನ್ನು ಒಪ್ಪವಾಗಿ ಒಟ್ಟಿದವನನ್ನೂ ನಮ್ಮ ಗುರುಗಳು ಮೆಚ್ಚುತ್ತಿದ್ದರು. ಕೈ ಮತ್ತು ತಲೆಗಳ ನಡುವೆ ಮೇಲುಕೀಳಿನ ಗೋಡೆ ಎದ್ದದ್ದನ್ನು ನಾನು ಕಂಡದ್ದು ಮಠದಿಂದ ಹೊರಬಂದ ಮೇಲೆಯೇ.

ಕಳೆದ ವರ್ಷದ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ನೆರೆಯ ಹಳ್ಳಿಯ ರೈತರೊಬ್ಬರು ಮಗನನ್ನು ಕರೆತಂದಿದ್ದರು. ಹುಡುಗ ಸಾಧಾರಣ ಅಂಕಗಳಿಂದ ಉತ್ತೀರ್ಣನಾಗಿದ್ದ. ನಗರದ ಖಾಸಗಿ ಕಾಲೇಜೊಂದರಲ್ಲಿ ವಿಜ್ಞಾನಕ್ಕೆ ಸೇರಿಸಲು ಸಾಲ ಮಾಡುವ ಯೋಚನೆ ತಂದೆಯದು. ಹುಡುಗನೊಡನೆ ಮಾತನಾಡಿದಾಗ, ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ತಾನೇ ಬಿಚ್ಚಿ ದುರಸ್ತಿ ಮಾಡಿದ್ದನ್ನು ಕಣ್ಣರಳಿಸಿ ವಿವರಿಸಿದ. "ಅಜ್ಜಾರ, ನಾ ಐ.ಟಿ.ಐ.ದಾಗ ಎಲೆಕ್ಟ್ರಿಷಿಯನ್ ಕಲೀತೀನ್ರಿ" ಎಂದು ಮೆಲ್ಲಗೆ ಹೇಳಿದ. ತಂದೆ ಸುಮ್ಮನಾದರು. ಜತೆಗೆ ಬಂದಿದ್ದ ಅಜ್ಜಿ ಮಾತ್ರ ಸುಮ್ಮನಾಗಲಿಲ್ಲ. "ನಮ್ಮ ಮನೆತನದಾಗ ಯಾರೂ ವಾಯರ್ ಹಿಡಕೊಂಡು ಮಂದಿ ಮನಿಗೆ ಹೋದವರಲ್ಲ. ಅದನ್ನ ಓದಿದವಗ ಹೆಣ್ಣು ಯಾರು ಕೊಡ್ತಾರ್ರೀ ಶಾಸ್ತ್ರಿಗಳ?" ಎಂದರು.

ಎರಡು ದಿನಗಳ ನಂತರ ತಂದೆ-ಮಗನೊಡನೆ ನಾನೂ ತಾಲ್ಲೂಕು ಕೇಂದ್ರದ ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗೆ ಹೋದೆ. ಅಲ್ಲಿ ಕೇಳಿ ತಿಳಿದುದನ್ನೂ, ಆಮೇಲೆ ಓದಿ ಖಚಿತಪಡಿಸಿಕೊಂಡುದನ್ನೂ ಇಲ್ಲಿ ಸಂಗ್ರಹಿಸುತ್ತೇನೆ.

ಐ.ಟಿ.ಐ. ಎಂಬ ವ್ಯವಸ್ಥೆ ಹೊಸದಲ್ಲ. ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಕೇಂದ್ರ ಸರಕಾರ ಆರಂಭಿಸಿದ್ದು 1950ರಲ್ಲಿ. ಪ್ರವೇಶಕ್ಕೆ ಕನಿಷ್ಠ ವಯಸ್ಸು 14. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಮುಂತಾದ ಎರಡು ವರ್ಷದ ವೃತ್ತಿಗಳಿಗೆ ಗಣಿತ ಮತ್ತು ವಿಜ್ಞಾನಗಳೊಡನೆ ಹತ್ತನೆಯ ತರಗತಿ ಉತ್ತೀರ್ಣರಾಗಿರಬೇಕು. ವೆಲ್ಡರ್, ಪ್ಲಂಬರ್ ಮುಂತಾದ ಒಂದು ವರ್ಷದ ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿಯೇ ಸಾಕು. ಹೆಣ್ಣುಮಕ್ಕಳು ಹೆಚ್ಚಾಗಿ ಆರಿಸಿಕೊಳ್ಳುವ ಕಂಪ್ಯೂಟರ್ ಆಪರೇಟರ್ ತರಬೇತಿ ಒಂದು ವರ್ಷದ್ದು. ಅದಕ್ಕೆ ಹತ್ತನೆಯ ತರಗತಿ ಆಗಿರಬೇಕು. ಹಾಜರಾತಿ ಶೇ. 80ಕ್ಕೆ ಕಡಿಮೆಯಾದರೆ ಪರೀಕ್ಷೆಗೆ ಅರ್ಹತೆ ಇಲ್ಲ.

ಪರೀಕ್ಷೆಯ ನಿಯಮದಲ್ಲಿ ಒಂದು ವಿಶೇಷವಿದೆ. ಬರಹದ ಪತ್ರಿಕೆಗಳಲ್ಲಿ ತೇರ್ಗಡೆಗೆ ಶೇ. 33 ಅಂಕ ಸಾಕು. ವೃತ್ತಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಶೇ. 60 ಬೇಕು. ಎಲೆಕ್ಟ್ರಿಷಿಯನ್ ವೃತ್ತಿಯ 2022ರ ಪರಿಷ್ಕೃತ ಪಠ್ಯಕ್ರಮದ ಪ್ರಕಾರ ವರ್ಷದ 1200 ಗಂಟೆಗಳಲ್ಲಿ 840 ಗಂಟೆ ಕೈಕೆಲಸಕ್ಕೇ ಮೀಸಲು. ಓದಿನಲ್ಲಿ ದಡ್ಡನಾದವನು ಹೋಗುವ ಜಾಗ ಅದು ಎಂದು ಲಘುವಾಗಿ ಆಡುವವರು ಈ ಲೆಕ್ಕವನ್ನು ಗಮನಿಸಬೇಕು. ಅರವನ್ನು ಹಿಡಿದು ಕಬ್ಬಿಣದ ತುಂಡನ್ನು ಅಳತೆಗೆ ತರುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ.

ಎರಡನೆಯ ದಾರಿ ಪಾಲಿಟೆಕ್ನಿಕ್ ಡಿಪ್ಲೊಮಾ. ಎಸ್.ಎಸ್.ಎಲ್.ಸಿ.ಯ ನಂತರ ಮೂರು ವರ್ಷ. ಯಂತ್ರೋಪಕರಣಗಳ ಅಚ್ಚು ತಯಾರಿಕೆಯಲ್ಲಿ ಆಸಕ್ತಿಯುಳ್ಳವರಿಗೆ, 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಈಗ ರಾಜ್ಯದ ಹಲವೆಡೆ ಶಾಖೆಗಳನ್ನು ಹೊಂದಿರುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾ ಇದೆ. ಅದರಲ್ಲಿ ಮೂರು ವರ್ಷದ ಓದು, ಒಂದು ವರ್ಷದ ಕಾರ್ಖಾನೆಯ ಅನುಭವ.

ಈ ದಾರಿಗಳು ಮುಂದೆ ಮುಚ್ಚಿಹೋಗುತ್ತವೆ ಎಂಬುದು ಪೋಷಕರ ದೊಡ್ಡ ಭಯ. ಅದು ನಿರಾಧಾರ. ಹತ್ತನೆಯ ತರಗತಿಯ ಮೇಲೆ ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. 1961ರ ಶಿಶಿಕ್ಷು ಕಾಯಿದೆಯಂತೆ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತ ಅಪ್ರೆಂಟಿಸ್ ಆಗಿ ಕಲಿಯಲು ಅವಕಾಶವಿದೆ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೂ ಐ.ಟಿ.ಐ. ಒಂದು ಅರ್ಹತೆ. ತರಬೇತಿ ಸಂಸ್ಥೆಯ ಅಧಿಕಾರಿಗಳು ಇದನ್ನೆಲ್ಲ ಒಂದು ಹಾಳೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದು ತೋರಿಸಿದಾಗ ಆ ರೈತರು ಹಾಳೆಯನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಮಗನಿಗೆ ಅವರು ಹಾಕಿದ ಷರತ್ತು ಒಂದೇ: ಐ.ಟಿ.ಐ. ಮುಗಿದ ಮೇಲೆ ಡಿಪ್ಲೊಮಾ ಬಿಡಕೂಡದು. ಹುಡುಗ ಒಪ್ಪಿದ. ಈಗ ಅವನು ಅಲ್ಲಿಯ ವಿದ್ಯಾರ್ಥಿ. ಅಜ್ಜಿ ಮಾತ್ರ ನೆಂಟರ ಮುಂದೆ "ಮೊಮ್ಮಗ ಕಾಲೇಜಿಗೆ ಹೋಗ್ತಾನ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರಂತೆ.

ಆ ಹಿರಿಯ ಜೀವವನ್ನು ನಾನು ಆಕ್ಷೇಪಿಸಲಾರೆ. ಆದರೆ ಆ ಸಂಕೋಚ ನಮ್ಮ ಸಮಾಜದೊಳಗೆ ಎಲ್ಲಿಂದ ಬಂದಿತೆಂದು ಚಿಂತಿಸದೆ ಇರಲಾರೆ. ನಾವು ನಿತ್ಯ ಸ್ಮರಿಸುವ ಶರಣರ ಹೆಸರುಗಳನ್ನೇ ನೋಡಿ. ನುಲಿಯ ಚಂದಯ್ಯ ಹಗ್ಗ ಹೊಸೆದವರು. ಮೇದಾರ ಕೇತಯ್ಯ ಬುಟ್ಟಿ ಹೆಣೆದವರು. ಮಡಿವಾಳ ಮಾಚಿದೇವ ಬಟ್ಟೆ ಮಡಿ ಮಾಡಿದವರು. ಅಂಬಿಗರ ಚೌಡಯ್ಯ ದೋಣಿ ನಡೆಸಿದವರು. ಕದಿರ ರೆಮ್ಮವ್ವೆ ನೂಲು ತೆಗೆದವರು. ಮೊಳಿಗೆಯ ಮಾರಯ್ಯ ಕಟ್ಟಿಗೆ ಮಾರಿದವರು. ಕಾಯಕವನ್ನು ಹೆಸರಿನ ಮೊದಲಿಗೇ ಧರಿಸಿ ಅನುಭವ ಮಂಟಪದಲ್ಲಿ ಕುಳಿತ ಈ ಮಹನೀಯರನ್ನು ಪೂಜಿಸುವ ಮನೆಗಳಲ್ಲಿ, ಮಗ ಸ್ಪ್ಯಾನರ್ ಹಿಡಿದರೆ ತಲೆ ತಗ್ಗಿಸುವುದೆಂದರೆ ಏನರ್ಥ? ಬಸವ ಜಯಂತಿಯ ವೇದಿಕೆಯ ಮೇಲೆ ಕಾಯಕವನ್ನು ಹೊಗಳುವುದು, ಮನೆಯೊಳಗೆ ಅದನ್ನು ಮರೆಮಾಚುವುದು ಎಂಬ ಈ ಎರಡು ನಡೆ ಮಕ್ಕಳಿಗೆ ಅರ್ಥವಾಗದೆ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರವೂ ಅಗತ್ಯ. ಕಾಯಕವೆಂದರೆ ಕುಲಕಸುಬಲ್ಲ. 1953ರಲ್ಲಿ ಮದರಾಸು ರಾಜ್ಯದಲ್ಲಿ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಿ, ಉಳಿದ ಹೊತ್ತು ಮನೆತನದ ಕಸುಬು ಕಲಿಯಬೇಕೆಂಬ ಯೋಜನೆ ಬಂದಿತು. ಅದು ಜಾತಿಯನ್ನೇ ಮುಂದುವರಿಸುತ್ತದೆಂದು ಜನ ಪ್ರತಿಭಟಿಸಿದರು. 1954ರಲ್ಲಿ ಅದು ರದ್ದಾಯಿತು. ಆ ಪ್ರತಿಭಟನೆ ನ್ಯಾಯವಾದುದು. ಶರಣರು ಕಾಯಕಕ್ಕೆ ಗೌರವ ತಂದರೇ ಹೊರತು ಹುಟ್ಟಿನಿಂದ ಅದನ್ನು ಯಾರ ಹೆಗಲಿಗೂ ಕಟ್ಟಲಿಲ್ಲ. ಆದ್ದರಿಂದ ಬಡವರ ಮಕ್ಕಳಿಗೆ ಐ.ಟಿ.ಐ., ಉಳ್ಳವರ ಮಕ್ಕಳಿಗೆ ಪದವಿ ಎಂಬ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಆಯ್ಕೆ ಮಗುವಿನ ಒಲವಿನದಾಗಿರಬೇಕು. ಓದುವ ಹಂಬಲವುಳ್ಳ ಬಡ ಮಗುವಿಗೆ ಪದವಿಯ ಬಾಗಿಲು ತೆರೆದೇ ಇರಬೇಕು.

ಹಾಗಿದ್ದರೂ ನಮ್ಮ ದೇಶದ ಸ್ಥಿತಿ ಚಿಂತೆಗೀಡುಮಾಡುವಂಥದು. 1964–66ರ ಕೊಠಾರಿ ಆಯೋಗವೇ ಪ್ರೌಢಶಿಕ್ಷಣಕ್ಕೆ ವೃತ್ತಿಯ ನಂಟು ಬೇಕೆಂದು ಒತ್ತಿ ಹೇಳಿತ್ತು. ನಮ್ಮ ರಾಜ್ಯದ ಪದವಿಪೂರ್ವ ಹಂತದಲ್ಲಿದ್ದ ಜೆ.ಒ.ಸಿ. ಶಿಕ್ಷಣ ನಿಂತುಹೋಯಿತು. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ನಮ್ಮಲ್ಲಿ ಶೇ. 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96 ಎಂದು 12ನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಉಲ್ಲೇಖಿಸಿದೆ.

ಸರಕಾರದ ನಿಯಮಗಳನ್ನು ಮೇಲೆ ಹೇಳಿದೆ. ಆದರೆ ಯಾವ ಕೈಪಿಡಿಯಲ್ಲೂ ಅಚ್ಚಾಗದ ಒಂದು ಅರ್ಹತೆ ಇದೆ. ಅದನ್ನು ವಿಧಿಸಿದವರು ನಾವೇ. ಆ ಅಜ್ಜಿಯ ಪ್ರಶ್ನೆ ಸುಳ್ಳಲ್ಲ. ನಮ್ಮ ಸಮಾಜದ ಪತ್ರಿಕೆಗಳ ವಧೂವರರ ಪುಟಗಳನ್ನು ತೆರೆದು ನೋಡಿ: ಇಂಜಿನಿಯರ್ ವರ ಬೇಕು, ವೈದ್ಯ ವರ ಬೇಕು, ಸರಕಾರಿ ನೌಕರ ವರ ಬೇಕು. ದುಡಿದು ಗೌರವದಿಂದ ಸಂಸಾರ ನಡೆಸಬಲ್ಲ ಫಿಟ್ಟರನನ್ನೋ ವೆಲ್ಡರನನ್ನೋ ಬಯಸಿದ ಒಂದು ಸಾಲನ್ನು ನಾನು ಇನ್ನೂ ಕಂಡಿಲ್ಲ. ಹೆಣ್ಣು ಹೆತ್ತವರು ಆ ಸಾಲನ್ನು ಬರೆಯುವ ಧೈರ್ಯ ಮಾಡಿದ ದಿನ, ಗಂಡು ಹೆತ್ತವರು ಸಾಲ ಮಾಡಿ ಒಲ್ಲದ ಓದಿಗೆ ಮಕ್ಕಳನ್ನು ನೂಕುವುದೂ ತಾನಾಗಿ ಕಡಿಮೆಯಾದೀತು.

ಈ ದಾರಿಯನ್ನು ಆಯ್ದುಕೊಳ್ಳುವ ಪೋಷಕರಿಗೆ ಕೆಲವು ಸೂಚನೆಗಳು. ಶುಲ್ಕ ಕಟ್ಟುವ ಮುನ್ನ ಸಂಸ್ಥೆಗೂ, ಸೇರಬಯಸುವ ವೃತ್ತಿಗೂ ಕೇಂದ್ರದ ಮಾನ್ಯತೆ ಇದೆಯೆ ಎಂದು ವಿಚಾರಿಸಿರಿ. ಕಾರ್ಯಾಗಾರದೊಳಗೆ ಹೋಗಿ ಯಂತ್ರಗಳು ಓಡುತ್ತಿವೆಯೆ, ಧೂಳು ಹಿಡಿದಿವೆಯೆ ನೋಡಿರಿ. ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳೊಡನೆ ನವೀಕರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಅಂಥದೊಂದು ನಿಮ್ಮ ಸಮೀಪದಲ್ಲಿದೆಯೆ ತಿಳಿಯಿರಿ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಹೊಂದಿಸಿಕೊಳ್ಳಿರಿ. ಎಲ್ಲಕ್ಕಿಂತ ಮೊದಲು ಮಗುವನ್ನು ಎದುರಿಗೆ ಕೂರಿಸಿಕೊಂಡು ಕೇಳಿರಿ.

ನಮ್ಮ ಮಠಗಳೂ ವಿದ್ಯಾಸಂಸ್ಥೆಗಳೂ ಅನ್ನ, ಅಕ್ಷರಗಳ ದಾಸೋಹದಲ್ಲಿ ನಾಡಿಗೆ ಮಾದರಿಯಾಗಿವೆ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1991ರಲ್ಲಿ ಮೈಸೂರಿನಲ್ಲಿ ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ ಆರಂಭಿಸಿತು. ಕೈಗೆ ಕೆಲಸ ಕಲಿಸುವುದೂ ದಾಸೋಹವೇ ಎಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಡ. ಊರೂರಿನ ಪ್ರಸಾದ ನಿಲಯಗಳಲ್ಲಿ ಐ.ಟಿ.ಐ. ವಿದ್ಯಾರ್ಥಿಗಳಿಗೂ ಕಾಲೇಜು ವಿದ್ಯಾರ್ಥಿಗಳಷ್ಟೇ ಸ್ಥಾನ ದೊರೆಯಲಿ. ಪ್ರತಿಭಾ ಪುರಸ್ಕಾರದ ದಿನ ಉತ್ತಮ ಫಿಟ್ಟರನಿಗೂ, ಉತ್ತಮ ಎಲೆಕ್ಟ್ರಿಷಿಯನ್ನನಿಗೂ ಒಂದು ಹಾರ ಬೀಳಲಿ. ಮಕ್ಕಳ ಅಂಗೈ ಒರಟಾದರೆ ಮನೆತನದ ಮಾನ ಕಡಿಮೆಯಾಗುವುದಿಲ್ಲ. ಪ್ರಾಮಾಣಿಕ ದುಡಿಮೆಯಿಂದ ಒರಟಾದ ಅಂಗೈಯ ಮೇಲೆಯೂ ಇಷ್ಟಲಿಂಗ ಅಷ್ಟೇ ನೆಮ್ಮದಿಯಿಂದ ನೆಲೆಸುತ್ತದೆ.