ಪುಕ್ಕಟೆ ಸಿಕ್ಕ ಅಕ್ಷರ

ಮದುವೆಮನೆಯಲ್ಲಿ ಅಡುಗೆ ಭಟ್ಟರನ್ನು ಬಿಟ್ಟರೆ ಅತಿ ಹೆಚ್ಚು ಬೇಡಿಕೆ ಇರುವುದು ‘ಕಂಪ್ಯೂಟರ್ ಗೊತ್ತಿದ್ದಾಂವ’ನಿಗೆ. ನಮ್ಮ ಬಳಗದಲ್ಲಿ ಆ ಪಟ್ಟವನ್ನು ನನಗೆ ಕಟ್ಟಿ ಬಹಳ ವರ್ಷಗಳಾದವು. ನಾನು ಓದಿದ್ದು ವಾಣಿಜ್ಯ, ದುಡಿದದ್ದು ಸಹಕಾರಿ ಸಂಘದ ಲೆಕ್ಕಪತ್ರಗಳ ನಡುವೆ. ಅದು ಯಾರಿಗೂ ಲೆಕ್ಕಕ್ಕಿಲ್ಲ. ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಬಂದ ನೆಂಟರು ಚಹಾದ ಕಪ್ಪು ಕೆಳಗಿಡುವ ಮೊದಲೇ ಕಿಸೆಯಿಂದ ಪೆನ್‌ಡ್ರೈವ್ ತೆಗೆಯುತ್ತಾರೆ. “ಮಾಮಾ, ಹುಡುಗಿ ಫೋಟೋ ಸ್ವಲ್ಪ ಸಣ್ಣದ ಮಾಡಿ ಕೊಡ್ರಿ. ಅರ್ಜಿಯೊಳಗ 50 ಕೆಬಿ ದಾಟಬಾರದಂತ.” ಇನ್ನೊಬ್ಬರಿಗೆ ಪಹಣಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಮೂರನ್ನೂ ಒಂದೇ ಪಿಡಿಎಫ್ ಮಾಡಬೇಕು. ಮತ್ತೊಬ್ಬರ ಮದುವೆಯ ಸಿಡಿ ಯಾವ ಯಂತ್ರದಲ್ಲೂ ಓಡುವುದಿಲ್ಲ. ಮದುವೆ ಮಾತ್ರ ಇನ್ನೂ ಓಡುತ್ತಿದೆ.

ಇಂಥ ಕೆಲಸಕ್ಕೆಲ್ಲ ನಾನು ನಂಬಿರುವುದು ಪುಕ್ಕಟೆ ಸಿಗುವ ತಂತ್ರಾಂಶಗಳನ್ನು. ಫೋಟೋಕ್ಕೆ ಇರ್ಫಾನ್‌ವ್ಯೂ. ಬೋಸ್ನಿಯಾದ ಇರ್ಫಾನ್ ಸ್ಕಿಲ್ಯಾನ್ ಎಂಬ ತರುಣ ವಿಯೆನ್ನಾದಲ್ಲಿ ಓದುತ್ತಿದ್ದಾಗ ಬರೆದು 1996ರಲ್ಲಿ ಹೊರಬಿಟ್ಟದ್ದು. ಮನೆಬಳಕೆಗೆ ಇವತ್ತಿಗೂ ಕಾಸಿಲ್ಲ. ಹಳೆಯ ಸಿಡಿಗೆ ವಿಎಲ್‌ಸಿ. ಪ್ಯಾರಿಸ್ ಬಳಿಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸಿನ ಜಾಲದಲ್ಲಿ ವಿಡಿಯೋ ಹರಿಸಲು ಶುರುಮಾಡಿದ ಕೆಲಸವದು. 2001ರಲ್ಲಿ ಮುಕ್ತ ಪರವಾನಗಿ ಪಡೆದು ಜಗತ್ತಿಗೆಲ್ಲ ಬಂತು. ಕಿತ್ತಳೆ ಬಣ್ಣದ ರಸ್ತೆ ಶಂಕುವಿನ ಗುರುತು ನೋಡಿ ನಮ್ಮ ಅತ್ತೆ, “ರಸ್ತೆ ರಿಪೇರಿ ಐತೇನು?” ಎಂದು ಕೇಳಿದ್ದರು. ಗಂಟು ಕಟ್ಟಿದ ಕಡತ ಬಿಚ್ಚಲು ಸೆವೆನ್-ಜಿಪ್. ಅದರ ಬದಲು ವಿನ್‌ರಾರ್ ಹಾಕಿಕೊಂಡವರೂ ಇದ್ದಾರೆ. 40 ದಿನದ ಪರೀಕ್ಷಾ ಅವಧಿ ಮುಗಿದು ವರ್ಷಗಳೇ ಕಳೆದರೂ ಅದು ಮರ್ಯಾದೆಯಿಂದ ದುಡ್ಡು ಕೇಳುತ್ತಲೇ ಇರುತ್ತದೆ, ಇವರು ಮರ್ಯಾದೆಯಿಂದ ಮುಚ್ಚುತ್ತಲೇ ಇರುತ್ತಾರೆ.

ಇವೆಲ್ಲ ಎಲ್ಲ ಊರಿನವರಿಗೂ ಒಂದೇ. ನಮಗೇ ಅಂತ ಬಂದ ಪುಕ್ಕಟೆ ಸಾಮಾನು ಬೇರೆ ಇದೆ: ಕನ್ನಡ ಅಕ್ಷರ.

ಅದು ಪುಕ್ಕಟೆ ಸಿಗುವ ಮೊದಲು ಮನೆಯಲ್ಲಿ ಕೂತು ಕನ್ನಡ ಮೂಡಿಸುವ ಮಾತೇ ಇರಲಿಲ್ಲ. ಲಗ್ನಪತ್ರಿಕೆಯಾಗಲಿ, ಸಂಘದ ವರದಿಯಾಗಲಿ, ಖಡೇಬಜಾರಿನ ಡಿಟಿಪಿ ಅಂಗಡಿಯ ಬಾಗಿಲಲ್ಲಿ ನಿಲ್ಲಬೇಕಿತ್ತು. ಅಲ್ಲಿ ಪುಣೆಯಿಂದ ಬಂದ ಶ್ರೀಲಿಪಿ ತಂತ್ರಾಂಶ ಇರುತ್ತಿತ್ತು. ಕನ್ನಡ, ಮರಾಠಿ ಎರಡೂ ಬೇಕಾದ ಬೆಳಗಾವಿಗೆ ಹೇಳಿ ಮಾಡಿಸಿದ್ದು. ಬೆಲೆ ಮಾತ್ರ ನಮ್ಮಂಥವರಿಗಲ್ಲ. ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರಿನ ವಾಯರು ಸಿಕ್ಕಿಸುವ ಜಾಗದಲ್ಲಿ, ಡಾಂಗಲ್ ಎಂಬ ಸಣ್ಣ ಪೆಟ್ಟಿಗೆ. ಅದಿಲ್ಲದಿದ್ದರೆ ತಂತ್ರಾಂಶ ಕಣ್ಣೇ ತೆರೆಯುವುದಿಲ್ಲ. ನಾನು ಹೋಗುತ್ತಿದ್ದ ಅಂಗಡಿಯ ಮಾಲೀಕರು ರಾತ್ರಿ ಅದನ್ನು ಕಿತ್ತು ಗಲ್ಲಾಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಐವತ್ತು ಅಕ್ಷರದ ವರ್ಣಮಾಲೆಗೆ ಅಂಥ ಕಾವಲು!

1998ರ ಜನವರಿಯಲ್ಲಿ ‘ಬರಹ’ ಬಂತು. ಅಮೆರಿಕದಲ್ಲಿ ಕೆಲಸದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಬಿಡುವಿನ ವೇಳೆಯಲ್ಲಿ ಬರೆದು ಕೇಳಿದವರಿಗೆಲ್ಲ ಹಂಚಿದ ತಂತ್ರಾಂಶ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಉಚ್ಚಾರ ಒತ್ತುತ್ತ ಹೋದರೆ ಪರದೆಯ ಮೇಲೆ ಕನ್ನಡ. ಕೆಲ ವರ್ಷಗಳಲ್ಲೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಸರ್ಕಾರವೇ ಅದನ್ನು ಒಪ್ಪಿ ಕಚೇರಿಗಳಿಗೆಲ್ಲ ಹಾಕಿಸಿತು. ನುಡಿಯ ಕೀಲಿಮಣೆಯ ಹಿಂದೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ತಲೆ ಇದೆ: ಎಫ್ ಒತ್ತಿದರೆ ಒತ್ತಕ್ಷರ, ಕ್ಯೂ ಒತ್ತಿದರೆ ‘ಟ’, ಡಬ್ಲ್ಯೂ ಒತ್ತಿದರೆ ‘ಡ’.

ನಮ್ಮ ಮನೆಯಲ್ಲಿ ಇವೆರಡೂ ಎರಡು ಪಂಥವಾದವು. ನಾನು ಕಚೇರಿಯ ರೂಢಿಯಿಂದ ನುಡಿ, ನನ್ನಾಕೆ ಬರಹ. ಅವಳ ತವರು ಖಾನಾಪುರದ ಕಡೆ; ಕನ್ನಡ, ಮರಾಠಿ ಎರಡೂ ಮನೆಮಾತು. ಬರಹಕ್ಕೆ ಆಮೇಲೆ ದೇವನಾಗರಿಯೂ ಸೇರಿದ್ದರಿಂದ ಅವಳ ಪಂಥ ಗೆದ್ದಿತು. ನಾದಿನಿಯ ಮಗಳ ಲಗ್ನಪತ್ರಿಕೆಯ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ. ಆ ಭಾಗದಲ್ಲಿ ಅದೇ ಪದ್ಧತಿ. ಎರಡನ್ನೂ ಅವಳು ಅಡುಗೆಮನೆಯ ಪಕ್ಕದ ಟೇಬಲ್ಲಿನ ಮೇಲೆ ಒಂದೇ ಬೆರಳೋಟದಲ್ಲಿ ಮುಗಿಸಿದಳು. ದೊಡ್ಡ ಎಲ್ ಒತ್ತಿದರೆ ಕನ್ನಡದಲ್ಲೂ ‘ಳ’, ಮರಾಠಿಯಲ್ಲೂ ಅದೇ. ಗಡಿಯ ತಕರಾರು ಕೀಲಿಮಣೆಗೆ ಗೊತ್ತಿರಲಿಲ್ಲ.

ಬರಹಕ್ಕೆ ಮುಂದೆ ಬೆಲೆ ಬಂತು. ನನಗೇನೂ ಸಿಟ್ಟಿಲ್ಲ, ಅಷ್ಟು ವರ್ಷ ಪುಕ್ಕಟೆ ಉಂಡವರು ಗೊಣಗಬಾರದು. ಪೇಚು ಬಂದದ್ದು ಬೇರೆ ದಿಕ್ಕಿನಿಂದ.

ಖಾನಾಪುರದಲ್ಲಿ ನಮ್ಮ ಸಣ್ಣ ಕಾಕಾ ಇದ್ದಾರೆ, ಕನ್ನಡ ಶಾಲೆಯ ನಿವೃತ್ತ ಮಾಸ್ತರರು. ನಿವೃತ್ತಿಯ ಹಣದಲ್ಲಿ ಕಂಪ್ಯೂಟರ್ ಕೊಂಡು, ನುಡಿ ಕಲಿತು, ತಾಲ್ಲೂಕಿನ ವಿಷಯವೆಲ್ಲ ಬರೆಯತೊಡಗಿದರು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಕದಂಬರ ಹಲಸಿ, ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ, ಖಾನಾಪುರದ ಹಂಚು, ಮಣ್ಣಿನ ಕುಡಿಕೆ, ಅಲ್ಲಿಯ ಕುಂಬಾರಿಕೆಯ ತರಬೇತಿ ಸಂಸ್ಥೆ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಇದ್ದರೆ ಇತ್ತು, ಹೋದರೆ ಹೋಯಿತು. ಯುಪಿಎಸ್ ಕೂಗುತ್ತಿದ್ದಂತೆ ಉಳಿಸಿ, ಮತ್ತೆ ಬಂದಾಗ ಬರೆದು, ದೊಡ್ಡ ಕಡತವನ್ನೇ ಮಾಡಿದ್ದರು. ಆ ಕಂಪ್ಯೂಟರ್ ಸತ್ತು ಹೊಸದು ಬಂತು. ಕಡತ ತೆರೆದು ನೋಡಿ ನನಗೆ ಫೋನು.

“ತಮ್ಮಾ, ಇದೇನೋ ಇಂಗ್ಲೀಷಿನ್ಯಾಗ ಬೈದಂಗ ಕಾಣಸ್ತೈತಲ್ಲೋ?”

“ಕಾಕಾ, ಅದು ಕನ್ನಡಾನ ಐತ್ರಿ. ಅಂಗಿ ಕಳಕೊಂಡೈತಿ ಅಷ್ಟ.”

ಅಂಗಿ ಅಂದರೆ ಫಾಂಟು. ಹಳೆಯ ನುಡಿ, ಬರಹಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ. ಕಂಪ್ಯೂಟರಿನಲ್ಲಿ ಇಂಗ್ಲಿಷಿಗೂ ಯೂರೋಪಿನ ಗೀಟು ಹೊತ್ತ ಅಕ್ಷರಗಳಿಗೂ ಇಟ್ಟ 256 ಮನೆಗಳಲ್ಲೇ ಕನ್ನಡದ ಒಡಲು, ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಕೂರಿಸಿದ್ದರು. ‘ಕ’ ಎಂದರೆ ಕಡತದ ಒಳಗೆ ಇಂಗ್ಲಿಷಿನ ಪಿ. ಅದರ ತಲೆಕಟ್ಟು, ನೆತ್ತಿಯ ಮೇಲೆ ಗೀಟಿರುವ ಎ. ‘ನ’ದ ಒಡಲು ಬ್ರಿಟಿಷರ ಪೌಂಡ್ ಹಣದ ಚಿಹ್ನೆ! ಫಾಂಟು ಇರುವವರೆಗೆ ಎಲ್ಲ ಸುಂದರ ಕನ್ನಡ. ಅದಿಲ್ಲದ ಯಂತ್ರದಲ್ಲಿ ನಂದಗಡವೆಂದು ಓದಬೇಕಾದ ಕಡೆ ಪೌಂಡು, ಗೀಟು, ಇಂಗ್ಲಿಷ್ ಅಕ್ಷರ.

ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಪ್ರತಿ ಲಿಪಿಗೂ ಸ್ವಂತ ಜಾಗ ಕೊಡುವ ಯೂನಿಕೋಡ್ ವ್ಯವಸ್ಥೆಯ, 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಸಿಕ್ಕಿತ್ತು. ಮನೆಯ ಕಂಪ್ಯೂಟರಿಗೆ ಅದು ಇಳಿದದ್ದು ಹತ್ತು ವರ್ಷದ ಮೇಲೆ, ವಿಂಡೋಸ್ ಎಕ್ಸ್‌ಪಿಯ ‘ತುಂಗಾ’ ಫಾಂಟಿನೊಂದಿಗೆ. ಆಗಲೂ ಮೂಲ ಸಿಡಿ ಹಾಕಿ ಭಾರತೀಯ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಸೇರಿಸಬೇಕಿತ್ತು. ಆ ಸಿಡಿ ಎಷ್ಟು ಮನೆಯಲ್ಲಿತ್ತು? ನುಡಿ, ಬರಹ ಎರಡೂ ತಡವಾಗಿ ಯೂನಿಕೋಡ್ ಕಲಿತವು. ಆ ಹೊತ್ತಿಗೆ ನಾಡಿನ ಕಚೇರಿ, ಪ್ರೆಸ್ಸು, ಮಾಸ್ತರರ ಮನೆಗಳಲ್ಲಿ ಹಳೆಯ ರೀತಿಯ ಕಡತ ಗುಡ್ಡೆಯಾಗಿತ್ತು. ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಸಿಡಿಮಿಡಿಗೊಂಡು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿದ್ದು ಕೆಲವರಿಗೆ ಹಟದಂತೆ ಕಂಡಿತ್ತು. ಅವರ ಸಿಡುಕು ಸರಿಯಾಗಿಯೇ ಇತ್ತು.

ಕಾಕಾನ ಕಡತ ಹಿಡಿದು ಕೂತೆವು. ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಪುಕ್ಕಟೆಯೇ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರದೂ ಒಂದಿದೆ. ಹಳೆಯ ಪಠ್ಯ ಮೇಲೆ ಅಂಟಿಸಿ ಗುಂಡಿ ಒತ್ತಿದರೆ ಕೆಳಗೆ ಹೊಸದು. ಪೌಂಡಿನ ರಾಶಿ ಹೋಗಿ ‘ಹಲಸಿಯ ಭೂವರಾಹ ನರಸಿಂಹ’ ಎದ್ದು ಬಂದಾಗ ಕಾಕಾ ಕನ್ನಡಕ ಒರೆಸಿಕೊಂಡರು.

ಆಮೇಲೆ ತಪ್ಪು ಹುಡುಕಲು ಶುರು. ಮಾಸ್ತರರಲ್ಲವೇ. ಅವರ ಕೆಂಪು ಪೆನ್ನು ಮೊದಲು ಬಿದ್ದದ್ದು ಅರ್ಕಾವೊತ್ತಿನ ಮೇಲೆ. ‘ಸೂರ್ಯ’, ‘ವರ್ಷ’ ಬರೆಯುವಾಗ ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲೇ ಅರ್ಕಾವೊತ್ತು ಕೊನೆಗೆ ಕೂರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ’ವನ್ನು ಮುಂದಿಡುತ್ತದೆ. ಪರಿವರ್ತಕ ಅದನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ತರಬೇಕು. ಒತ್ತಿನ ಮೇಲೆ ಒತ್ತಿದ್ದ ಕಡೆ ಮುಗ್ಗರಿಸುತ್ತದೆ. ನಡುನಡುವೆ ಕಾಕಾ ಬರೆದಿದ್ದ ಇಂಗ್ಲಿಷ್ ಹೆಸರುಗಳನ್ನೂ ಅದು ಕನ್ನಡವೆಂದೇ ತಿಳಿದು ತಿರುಗಿಸಿ, ಯಾವ ನಾಲಿಗೆಗೂ ಒಗ್ಗದ ಪದಗಳನ್ನು ಹೆತ್ತಿತ್ತು. ಅವನ್ನೆಲ್ಲ ಲಿಬ್ರೆ ಆಫೀಸ್ ತಂತ್ರಾಂಶದಲ್ಲಿ ಹುಡುಕಿ ಬದಲಿಸಿದೆವು. ನಾನು ಬೆಳಗಾವಿಯಿಂದ ದೇಸೂರು, ಇದಲಹೊಂಡ ದಾಟಿ ಹೋಗುವ ಪ್ಯಾಸೆಂಜರ್ ಗಾಡಿ ಹಿಡಿದು ಹೋಗುವಷ್ಟರಲ್ಲಿ ಕಾಕಾ ಇನ್ನೊಂದು ಅಧ್ಯಾಯಕ್ಕೆ ಕೆಂಪು ಬಳಿದಿಟ್ಟಿರುತ್ತಿದ್ದರು. ಈಗ ಅವರು ಹುಡುಕು ಚೌಕದಲ್ಲಿ ‘ನಂದಗಡ’ ಎಂದು ಬರೆದು ಕಡತದ ಎಲ್ಲ ನಂದಗಡಗಳನ್ನೂ ಸಾಲಾಗಿ ನೋಡುತ್ತಾರೆ. ಮೊಮ್ಮಗಳ ಮೊಬೈಲಿನಲ್ಲೂ ಅದೇ ಕಡತ ಚೆನ್ನಾಗಿ ತೆರೆಯುತ್ತದೆ.

ಪುಕ್ಕಟೆ ಎಂಬುದಷ್ಟೇ ಸಾಲದು ಎಂಬ ಅಭಿಪ್ರಾಯ ನನಗೆ ಬಂದದ್ದು ಅಲ್ಲಿಯೇ. ಅಂದಿನ ನುಡಿಯೂ ಪುಕ್ಕಟೆ, ಇಂದಿನ ಪರಿವರ್ತಕವೂ ಪುಕ್ಕಟೆ. ಬರೆದದ್ದು ಯಾವ ಯಂತ್ರದಲ್ಲೂ, ಯಾರ ಫಾಂಟಿನಲ್ಲೂ ತೆರೆಯುವಂತಿದ್ದರೆ ಮಾತ್ರ ಅದು ನಮ್ಮದು.

ನಿಮ್ಮ ಮನೆಯ ಅಲಮಾರಿಯಲ್ಲೂ ಇಂಥ ಸಿಡಿ, ಪೆನ್‌ಡ್ರೈವ್ ಬಿದ್ದಿದ್ದರೆ ಈ ಭಾನುವಾರ ಹೊರಗೆ ತೆಗೆಯಿರಿ. ತೆರೆದಾಗ ಪೌಂಡಿನ ಚಿಹ್ನೆ ಕಂಡರೆ ಗಾಬರಿಯಾಗಿ ಅಳಿಸಬೇಡಿ, ಅದು ಕನ್ನಡವೇ. ಮೂಲವನ್ನು ಹಾಗೇ ಇಟ್ಟು ಪ್ರತಿಯನ್ನು ಮಾತ್ರ ಯೂನಿಕೋಡಿಗೆ ತಿರುಗಿಸಿ. ಬರೆದವರು ಇದ್ದರೆ ಅವರ ಕೈಗೇ ಕೆಂಪು ಪೆನ್ನು ಕೊಡಿ; ಅರ್ಕಾವೊತ್ತು ಎಲ್ಲಿ ತಪ್ಪಿದೆ ಎಂಬುದು ಮೊದಲು ಕಾಣುವುದು ಅವರಿಗೇ.